ನೇತು ಹಾಕುವ ಬಟ್ಟೆ ರ‍್ಯಾಕ್: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನಲ್ಲಿ ನಮ್ಮದು ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಬಟ್ಟೆ ಇಡೋಕೆ ಇರುವುದು ಗೋಡೆಯೊಳಗಿನ ಒಂದೇ ವಾರ್ಡ್‌ರೋಬ್, ಅಗಲ ಮೂರು ಅಡಿ. ನಮ್ಮಿಬ್ಬರ ಬಟ್ಟೆ, ಮಗಳ ಯೂನಿಫಾರ್ಮ್, ನನ್ನ ಸೀರೆ ಎಲ್ಲಾ ಅದರಲ್ಲೇ. ಅಡಿಯ ಶರ್ಟ್ ಎಳೆದರೆ ಇಡೀ ರಾಶಿ ಕೆಳಗೆ ಬೀಳುತ್ತಿತ್ತು. ಮೊಳೆ ಹೊಡೆದು ಹಲಗೆ ಕೂರಿಸಲು ಓನರ್ ಒಪ್ಪಲಿಲ್ಲ. ಹಾಗಾಗಿ ಆರು ಖಾನೆಯ ನೇತು ಹಾಕುವ ರ‍್ಯಾಕ್ ಆನ್‌ಲೈನ್‌ನಲ್ಲಿ ತರಿಸಿದೆ. ಮೇಲಿನ ವೆಲ್ಕ್ರೋ ಪಟ್ಟಿಯನ್ನು ವಾರ್ಡ್‌ರೋಬಿನ ರಾಡ್‌ಗೆ ಸುತ್ತಿ ಅಂಟಿಸಿದರೆ ಆಯ್ತು, ಐದು ನಿಮಿಷದ ಕೆಲಸ.

ಮೊದಲ ಮಳೆಗಾಲದವರೆಗೂ ಯಾವ ತಕರಾರೂ ಇರಲಿಲ್ಲ. ಆಮೇಲೆ ನಾಲ್ಕು ಜೀನ್ಸ್ ಇಟ್ಟಿದ್ದ ಖಾನೆ ಬೋಗುಣಿ ಥರ ಕುಸಿಯಿತು, ಬಟ್ಟೆಗೆಲ್ಲ ಮುಗ್ಗಲು ವಾಸನೆ. ಬ್ಲೇಡಿನಿಂದ ತಳದ ಹೊಲಿಗೆ ಬಿಚ್ಚಿ ನೋಡಿದೆ. ಒಳಗಿದ್ದದ್ದು ಬರೀ ರಟ್ಟು! ಮಧ್ಯದಲ್ಲಿ ಮೆತ್ತಗಾಗಿ, ಅಂಚಿನಲ್ಲಿ ಬೂದು ಬಣ್ಣದ ಬೂಸ್ಟು ಹಿಡಿದಿತ್ತು. ಬೋರ್ಡ್ ಪ್ರಿಂಟ್ ಮಾಡುವ ಅಂಗಡಿಯಿಂದ ಸನ್‌ಪ್ಯಾಕ್ ಶೀಟ್ (ಒಳಗೆ ಉದ್ದಕ್ಕೂ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಶೀಟ್) ತಂದು, ಅಳತೆಗೆ ಕತ್ತರಿಸಿ, ಒಳಗೆ ತೂರಿಸಿ ಮತ್ತೆ ಹೊಲಿದೆ. ಒಂದು ಮಾತು: ಶೀಟಿನೊಳಗಿನ ಗೆರೆಗಳು ಎಡದಿಂದ ಬಲಕ್ಕೆ ಬರಬೇಕು. ನಾನು ಮೊದಲನೆಯದನ್ನು ಉಲ್ಟಾ ಕತ್ತರಿಸಿದ್ದೆ, ಅದು ಗೆರೆಗುಂಟ ಮಡಚಿಕೊಂಡಿತು. ಸರಿಯಾಗಿ ಹಾಕಿದ ಐದೂ ಇವತ್ತಿಗೂ ನೆಟ್ಟಗಿವೆ. ಈ ಬೆಲೆಗೆ ಕಂಪನಿಯವರೇ ಪ್ಲಾಸ್ಟಿಕ್ ಹಾಕಿ ಕೊಡಬಹುದಿತ್ತು, ಅಲ್ವಾ?

ಎರಡನೇ ವರ್ಷ ವೆಲ್ಕ್ರೋಗೆ ಧೂಳು, ನೂಲು ಸೇರಿ ಹಿಡಿತ ಹೋಯಿತು. ಹಳೇ ಪೈಜಾಮದ ಲಾಡಿ ಕಟ್ಟಿದ್ದೇನೆ, ಗಟ್ಟಿಯಾಗಿದೆ. ರ‍್ಯಾಕನ್ನು ರಾಡಿನ ನಡುವೆ ಹಾಕಬೇಡಿ, ಟೊಳ್ಳು ರಾಡ್ ಬಾಗುತ್ತದೆ. ಗೋಡೆ ಪಕ್ಕಕ್ಕೆ ಸರಿಸಿ.

ಸೀರೆಗೆ ಮಾತ್ರ ಇದು ಬೇಡ. ಅಮ್ಮ ಕೊಟ್ಟ ಮೈಸೂರು ಸಿಲ್ಕ್ ಇದರಲ್ಲಿ ಎರಡು ತಿಂಗಳಿತ್ತು. ಖಾನೆಯ ಅಗಲಕ್ಕೆ ಹೊಂದಿಸಲು ಒಂದು ಮಡಿಕೆ ಜಾಸ್ತಿ ಹಾಕಿದ್ದೆ. ಅದೇ ಜಾಗದಲ್ಲಿ ಜರಿ ಮೇಲೆ ಗೆರೆ ಮೂಡಿತ್ತು. ನೋಡಿ ಸಂಕಟವಾಯಿತು. ಈಗ ರೇಷ್ಮೆ ಸೀರೆಗಳನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ ವಾರ್ಡ್‌ರೋಬಿನ ಮೇಲಿನ ಹಲಗೆಯಲ್ಲಿ ಇಡುತ್ತೇನೆ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇನೆ. ನುಸಿ ಗುಳಿಗೆ ಜರಿಗೆ ತಾಕಬಾರದು, ತಾಕಿದರೆ ಕಪ್ಪಾಗುತ್ತದೆ.

ಟೀ ಶರ್ಟ್, ಚೂಡಿದಾರ್, ಟವೆಲ್, ಮಕ್ಕಳ ಬಟ್ಟೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಐದನೇ ಖಾನೆ ಮಗಳದ್ದು. ಅವಳ ಕೈಗೆ ಎಟುಕುವುದರಿಂದ ಬೆಳಿಗ್ಗೆ ಸಾಕ್ಸ್, ಯೂನಿಫಾರ್ಮ್ ತಾನೇ ತೆಗೆದುಕೊಳ್ಳುತ್ತಾಳೆ. ನನಗೆ ಅದೇ ದೊಡ್ಡ ಖುಷಿ.

ಮತ್ತೆ ಕೊಳ್ಳುತ್ತೇನಾ? ಖಂಡಿತ, ಆದರೆ ಐದು ಖಾನೆಯದ್ದು. ನಮ್ಮ ರಾಡ್‌ನಿಂದ ತಳಕ್ಕೆ 42 ಇಂಚು, ಈ ರ‍್ಯಾಕ್ 48. ಆರನೇ ಖಾನೆ ಮೂರು ವರ್ಷದಿಂದ ಮಡಚಿಕೊಂಡೇ ಕೂತಿದೆ. ತರಿಸುವ ಮುಂಚೆ ಟೇಪ್ ಹಿಡಿದು ಅಳೆದುಕೊಳ್ಳಿ.