ಜಿಆರ್86ಗೆ ಕ್ಯಾಂಬರ್ ಪ್ಲೇಟ್, ಹಿಂದಿನ ಲೋವರ್ ಆರ್ಮ್: ಎರಡು ವರ್ಷ ಓಡಿಸಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಮುಂದಿನ ಕ್ಯಾಂಬರ್ ಪ್ಲೇಟ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನವನ್ನು (ಕ್ಯಾಂಬರ್) ಬದಲಿಸಲು ಬಿಡುವ ಮೌಂಟ್, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಿಂದಿನ ಅಡ್ಜಸ್ಟಬಲ್ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ, ಉದ್ದ ಬದಲಿಸಬಹುದಾದ ತೋಳು) ಕಾರನ್ನು ತಗ್ಗಿಸಿದವರಿಗೆ ಮಾತ್ರ ಬೇಕು. ಜೊತೆಗೆ ಸೆಟ್ ಎಂದು ತಗಲಿಸುವ ಟೋ ಆರ್ಮ್ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅಂದರೆ ಟೋ, ಹೊಂದಿಸುವ ತೋಳು) ನನ್ನ ಬಳಕೆಗೆ ದಂಡ.

ಕಾರು ಟೊಯೋಟಾ ಜಿಆರ್86. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಡ್ಯಾಂಪರ್ ಅನ್ನುವ ಷಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್), ಹಿಂದೆ ಮಲ್ಟಿಲಿಂಕ್ (ಹಲವು ತೋಳುಗಳದ್ದು). ಕಂಪನಿಯಿಂದ ಬರುವಾಗ ಮುಂದಿನ ಕ್ಯಾಂಬರ್ ಸೊನ್ನೆಯ ಆಸುಪಾಸು, ಹಿಂದೆ ಒಂದು ಡಿಗ್ರಿ ದಾಟಿದ ನೆಗೆಟಿವ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿರುತ್ತದೆ. ಹಿಡಿತ ತಪ್ಪಿದರೆ ಮೂತಿ ಮೊದಲು ಜಾರಲಿ, ಬಾಲ ಬೀಸುವುದು ಬೇಡ ಅನ್ನುವ ಲೆಕ್ಕಾಚಾರ ಇದರ ಹಿಂದಿದೆ. ರಸ್ತೆಗೆ ಅದು ಸರಿಯೇ. ಟ್ರ್ಯಾಕ್‌ಗೆ ಹೋದರೆ ಮಾತ್ರ ಮುಂದಿನ ಟೈರಿನ ಹೊರ ಅಂಚು ಸುಲಿದುಹೋಗುತ್ತದೆ, ಒಳಗಿನ ಭಾಗ ಹೊಸದರಂತೆಯೇ ಉಳಿಯುತ್ತದೆ. ಸ್ಪ್ರಿಂಗ್ ತಗ್ಗಿಸಿದರೆ ಸಾಕು, ಕ್ಯಾಂಬರ್ ತಾನಾಗಿ ಬರುತ್ತದೆ ಅನ್ನುವವರಿದ್ದಾರೆ. ಬರುವುದೇನೋ ನಿಜ, ಆದರೆ ಹಿಂದಿನ ಮಲ್ಟಿಲಿಂಕ್ ಏರಿಸಿಕೊಂಡಷ್ಟು ಮುಂದಿನ ಸ್ಟ್ರಟ್ ಏರಿಸಿಕೊಳ್ಳುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ಕಾರು ನೋಡಲು ಚೆಂದ, ತಿರುವಿನಲ್ಲಿ ಮೊದಲಿಗಿಂತಲೂ ಹಟಮಾರಿ.

ಅಗ್ಗದ ದಾರಿ ಕ್ಯಾಂಬರ್ ಬೋಲ್ಟ್. ಸ್ಟ್ರಟ್ಟನ್ನು ಚಕ್ರ ಹೊರುವ ನಕಲ್‌ಗೆ ಕಚ್ಚಿಸುವ ಎರಡು ಬೋಲ್ಟ್‌ಗಳಲ್ಲಿ ಒಂದನ್ನು ತೆಗೆದು, ಎಕ್ಸೆಂಟ್ರಿಕ್ (ನಡುವಿನಿಂದ ಸರಿದ ಉಬ್ಬು) ಇರುವ ತೆಳು ಬೋಲ್ಟ್ ಹಾಕುವುದು. ಸುಮಾರು ಒಂದೂಕಾಲು ಡಿಗ್ರಿ ಸಿಗುತ್ತದೆ. ಬೋಲ್ಟ್ ತೆಳುವಾದಷ್ಟೂ ಬಿಗಿತ ಕಡಿಮೆ, ಕರ್ಬ್ ಮೇಲೆ ಜೋರಾಗಿ ಹತ್ತಿಸಿದರೆ ಜರುಗುವ ಭಯ ಇದ್ದೇ ಇರುತ್ತದೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ. ಬೋಲ್ಟ್ ತಿರುಗಿಸಿದಾಗ ಸ್ಟ್ರಟ್ ಇದ್ದಲ್ಲೇ ಇದ್ದು ಚಕ್ರ ಮಾತ್ರ ಅದರತ್ತ ವಾಲುತ್ತದೆ. ಟೈರಿಗೂ ಸ್ಟ್ರಟ್ಟಿಗೂ ನಡುವಿನ ಸಂದಿ ಕಿರಿದಾಗುತ್ತದೆ. ಅಗಲದ ಚಕ್ರ ಹಾಕುವವರಿಗೆ ಅಲ್ಲಿ ಒಂದೊಂದು ಮಿಲಿಮೀಟರೂ ಲೆಕ್ಕ. ಪ್ಲೇಟ್ ಹಾಗಲ್ಲ, ಸ್ಟ್ರಟ್ಟಿನ ತಲೆಯನ್ನೇ ಒಳಕ್ಕೆ ಸರಿಸುತ್ತದೆ. ಚಕ್ರ, ನಕಲ್, ಸ್ಟ್ರಟ್ ಒಟ್ಟಿಗೇ ವಾಲುವುದರಿಂದ ಒಳಗಿನ ಸಂದಿ ಹಾಗೇ ಇರುತ್ತದೆ, ಮೇಲೆ ಫೆಂಡರ್ ಹತ್ತಿರ ಜಾಗವೂ ಸಿಗುತ್ತದೆ.

ಇನ್ನು ಪ್ಲೇಟ್ ಆಯ್ಕೆ. ಮಾರುವವರ ಪುಟದಲ್ಲಿ ‘ಇಷ್ಟು ಡಿಗ್ರಿ ಸಿಗುತ್ತದೆ’ ಅನ್ನುವುದೇ ದೊಡ್ಡ ಅಕ್ಷರದಲ್ಲಿರುತ್ತದೆ. ನೋಡಬೇಕಾದದ್ದು ಸಣ್ಣ ಅಕ್ಷರ. ಕಂಪನಿಯ ಸ್ಪ್ರಿಂಗ್ ತಲೆಯ ಕಡೆ ಅಗಲ, ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಸ್ಪ್ರಿಂಗಿನ ಒಳವ್ಯಾಸ ಸಾಮಾನ್ಯವಾಗಿ 60ರಿಂದ 65 ಮಿ.ಮೀ. ಒಂದಕ್ಕೆ ಮಾಡಿದ ಪ್ಲೇಟ್ ಇನ್ನೊಂದಕ್ಕೆ ಬೇರೆ ಸೀಟ್ ಇಲ್ಲದೆ ಕೂರುವುದಿಲ್ಲ. ಡ್ಯಾಂಪರ್ ಶಾಫ್ಟಿನ ದಪ್ಪವೂ ಒಂದೊಂದು ಕಂಪನಿಯದು ಒಂದೊಂದು ರೀತಿ. ಬೇರಿಂಗಿನ ತೂತಿಗೆ ಸ್ಲೀವ್ ಸರಿ ಹೊಂದದಿದ್ದರೆ ಅಲ್ಲೇ ಕಟಕಟ ಶುರು. ಕಾರಿನ ಅಗಲ ಸ್ಪ್ರಿಂಗ್ ಹಾಗೇ ಇಟ್ಟುಕೊಂಡರೆ ಇನ್ನೊಂದು ತೊಡಕಿದೆ: ಪ್ಲೇಟಿನ ಸರಿಯುವ ಸೀಳಿನಲ್ಲಿ ಜಾಗ ಉಳಿದಿದ್ದರೂ ಸ್ಪ್ರಿಂಗ್ ಸೀಟಿನ ಅಂಚು ಮೊದಲೇ ಟವರಿಗೆ (ಸ್ಟ್ರಟ್ಟಿನ ತಲೆ ಕೂರುವ ಬಾಡಿಯ ಭಾಗಕ್ಕೆ) ತಾಗಿ ನಿಲ್ಲಬಹುದು, ಪುಟದಲ್ಲಿ ಬರೆದ ಡಿಗ್ರಿ ಪುಟದಲ್ಲೇ ಉಳಿಯುತ್ತದೆ. ಪ್ಲೇಟಿನ ಒಟ್ಟು ದಪ್ಪವನ್ನೂ ಕೇಳಿ. ಅದು ಮೊದಲು ಅಲ್ಲಿದ್ದ ಕಂಪನಿಯ ರಬ್ಬರ್ ಟಾಪ್ ಮೌಂಟಿಗಿಂತ ಹೆಚ್ಚಿದ್ದರೆ ಕಾರು ಎತ್ತರವಾಗುತ್ತದೆ, ಕಡಿಮೆಯಿದ್ದರೆ ಕುಸಿಯುತ್ತದೆ.

ಇದೆಲ್ಲಕ್ಕಿಂತ ಮುಖ್ಯ ಥ್ರಸ್ಟ್ ಬೇರಿಂಗ್. ಸ್ಟಿಯರಿಂಗ್ ತಿರುಗಿಸಿದಾಗ ಸ್ಟ್ರಟ್ ಜೊತೆ ಸ್ಪ್ರಿಂಗೂ ತಿರುಗಬೇಕು. ಸ್ಪ್ರಿಂಗ್ ಸೀಟಿನ ಮೇಲೆ ಸರಿಯಾದ ಬೇರಿಂಗ್ ಇಲ್ಲದಿದ್ದರೆ ಸ್ಪ್ರಿಂಗ್ ಹುರಿಗಟ್ಟಿ, ತಡೆಯಲಾಗದೆ ‘ಟಣ್’ ಎಂದು ಬಿಚ್ಚಿಕೊಳ್ಳುತ್ತದೆ. ಪಾರ್ಕಿಂಗ್‌ನಲ್ಲಿ ನಿಧಾನಕ್ಕೆ ತಿರುಗಿಸುವಾಗ ಪ್ರತಿ ಸಲ ಕೇಳುವ ಸದ್ದು ಅದು. ಅದರಿಂದ ಸ್ಟಿಯರಿಂಗ್ ನಡುವಿಗೆ ತಾನಾಗಿ ವಾಪಸ್ ಬರುವುದೂ ಮಂದವಾಗುತ್ತದೆ. ನಾನು ಥ್ರಸ್ಟ್ ಬೇರಿಂಗ್ ಬೇರೆಯಾಗಿ ಇರುವುದನ್ನೇ ಹುಡುಕಿ ತೆಗೆದುಕೊಂಡೆ, ಇವತ್ತಿಗೂ ಆ ಸದ್ದಿಲ್ಲ.

ಫಿಟ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈ ಪಳಗಿದ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ. ಅಲೈನ್‌ಮೆಂಟ್ ಮಾತ್ರ ಕ್ರಮ ತಪ್ಪಬಾರದು. ಎತ್ತರ ಮೊದಲು, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಪ್ಲೇಟಿನ ಮೇಲೆ ಕೊರೆದ ಗೆರೆಗಳನ್ನು ನಂಬಿ ಎಡಬಲ ಒಂದೇ ಗೆರೆಗೆ ಇಟ್ಟರೆ ಚಕ್ರದಲ್ಲಿ ಒಂದೇ ಕೋನ ಬರುವುದಿಲ್ಲ. ಯಾವ ಕಾರಿನ ಬಾಡಿಯೂ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಮೆಷಿನ್‌ನಲ್ಲಿ ಅಳೆಯಿಸಿ. ಕೆಲಸ ಮುಗಿದ ಮೇಲೆ ಸ್ಟಿಯರಿಂಗ್ ಆಂಗಲ್ ಸೆನ್ಸರ್ ಝೀರೋ ಮಾಡಿಸುವುದನ್ನು ಮರೆಯಬೇಡಿ. ಅದು ತಪ್ಪಿದ್ದರೆ ಸ್ಟೆಬಿಲಿಟಿ ಕಂಟ್ರೋಲ್ ಸುಮ್ಮಸುಮ್ಮನೆ ಮೂಗು ತೂರಿಸುತ್ತದೆ.

ನನ್ನ ಕಾರಿನಲ್ಲಿ ಈಗ ಮುಂದೆ ಮೈನಸ್ 2.5 ಡಿಗ್ರಿ, ಟೋ ಸೊನ್ನೆ. ಹಿಂದೆ ಮೈನಸ್ 1.8, ಪ್ರತಿ ಚಕ್ರಕ್ಕೆ 0.1 ಡಿಗ್ರಿ ಟೋ-ಇನ್ (ಮೂತಿ ಒಳಕ್ಕೆ). 215/40 ಆರ್18 ಟೈರಿಗೆ ಅದು ಹೆಚ್ಚುಕಡಿಮೆ 1 ಮಿ.ಮೀ. ಅಷ್ಟೇ. ಇಷ್ಟು ಕ್ಯಾಂಬರ್ ಇಟ್ಟರೆ ಟೈರಿನ ಒಳಭಾಗ ತಿಂದುಹಾಕುತ್ತದೆ ಅಂತ ಹೆದರಿಸಿದವರು ಹಲವರು. ಟೈರು ತಿನ್ನುವುದರಲ್ಲಿ ಕ್ಯಾಂಬರಿಗಿಂತ ಟೋ ದೊಡ್ಡ ಕಳ್ಳ. ಟೋ ಸರಿಯಿದ್ದರೆ ರಸ್ತೆಯಲ್ಲಿ ಒಳ ಅಂಚು ಸ್ವಲ್ಪ ಬೇಗ ಸವೆಯುತ್ತದೆ, ಟ್ರ್ಯಾಕ್‌ನಲ್ಲಿ ಹೊರ ಅಂಚು ಉಳಿಯುತ್ತದೆ, ಜಮಾಖರ್ಚು ಸರಿಹೋಗುತ್ತದೆ. ಪಿಟ್‌ಗೆ ಬಂದ ಕೂಡಲೇ ಸೂಜಿ ಥರ್ಮಾಮೀಟರ್ ಚುಚ್ಚಿ ನೋಡಿದರೆ ಮುಂದಿನ ಟೈರಿನ ಒಳ ಅಂಚು ಹೊರಗಿನದಕ್ಕಿಂತ ತುಸು ಬಿಸಿ, ನಡುವಿನದು ಅವೆರಡರ ಮಧ್ಯೆ. ಹಾಗಿರಬೇಕಾದ್ದೇ.

‘ಟ್ರ್ಯಾಕ್‌ಗೆ ಒಂದು ಸೆಟ್ಟಿಂಗ್, ಮನೆಗೆ ವಾಪಸ್ ಬರುವಾಗ ಇನ್ನೊಂದು, ನಾಲ್ಕು ಬೋಲ್ಟ್ ಸಡಿಲಿಸಿದರೆ ಸಾಕು’ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ಕ್ಯಾಂಬರ್ ಸರಿಸಿದರೆ ಟೋ ಕೂಡ ಜರುಗುತ್ತದೆ, ಪ್ರತಿ ಸಲ ಎರಡನ್ನೂ ಅಳೆಯುವ ತಾಳ್ಮೆ ಯಾರಿಗಿದೆ? ಎರಡಕ್ಕೂ ಒಗ್ಗುವ ಒಂದು ಕೋನ ಹುಡುಕಿ ಅಲ್ಲೇ ಬಿಡುವುದು ವಾಸಿ.

ಬಾಳಿಕೆ ವಿಷಯದಲ್ಲಿ ಸಂಕಟವೂ ಇದೆ. ರಬ್ಬರ್ ಮೌಂಟ್ ನುಂಗುತ್ತಿದ್ದ ಸದ್ದೆಲ್ಲ ಈಗ ನೇರ ಕ್ಯಾಬಿನ್‌ಗೆ. ಒರಟು ರಸ್ತೆಯಲ್ಲಿ ಪಕ್ಕ ಕೂತವರು ಮುಖ ನೋಡುತ್ತಾರೆ. ಮಳೆಗಾಲ ಕಳೆದ ಮೇಲೆ ಬಲಗಡೆಯ ಪ್ಲೇಟಿನಲ್ಲಿ ಶಾಫ್ಟಿನ ತಲೆ ಹಿಡಿಯುವ ಸ್ಫೆರಿಕಲ್ (ಗುಂಡು) ಬೇರಿಂಗ್ ಸಣ್ಣ ಗುಂಡಿಗಳಲ್ಲಿ ‘ಟಕ್’ ಅನ್ನತೊಡಗಿತು. ಬಾನೆಟ್ ಎತ್ತಿ, ಶಾಫ್ಟಿನ ನಟ್ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಕಾರು ಅಲ್ಲಾಡಿಸಿದಾಗ ಆ ಬಡಿತ ಬೆರಳಿಗೇ ಗೊತ್ತಾಯಿತು. ಬಿಚ್ಚಿದರೆ ಒಳಗೆ ನುಣ್ಣನೆಯ ಮರಳು, ಲೈನರ್ ಒಂದು ಕಡೆ ಸವೆದಿತ್ತು. ಬೇರಿಂಗ್ ಬದಲಾಯಿಸಿ ಮೇಲೆ ರಬ್ಬರ್ ಮುಚ್ಚಳ ಹಾಕಿದ ಮೇಲೆ ಮತ್ತೆ ತೊಂದರೆ ಕೊಟ್ಟಿಲ್ಲ. ಮುಚ್ಚಳ ಪ್ಲೇಟ್ ಜೊತೆಗೇ ಬರಬೇಕಿತ್ತು, ತಯಾರಕರ ಜಿಪುಣತನಕ್ಕೆ ಒಂದು ಅಂಕ ಕಳೆದಿದ್ದೇನೆ.

ಹಿಂದಿನ ಲೋವರ್ ಆರ್ಮ್ ತೆಗೆದುಕೊಂಡದ್ದು ಕಾರು ತಗ್ಗಿಸಿದ ಮೇಲೆ ಹೆಚ್ಚಾದ ಕ್ಯಾಂಬರ್ ಇಳಿಸಲಿಕ್ಕೆ. ಈ ಕಾರಿನಲ್ಲಿ ಹಿಂದಿನ ಕ್ಯಾಂಬರ್ ಹೊಂದಿಸಲು ಕಂಪನಿ ದಾರಿ ಕೊಟ್ಟಿಲ್ಲ, ಟೋಗೆ ಮಾತ್ರ ಎಕ್ಸೆಂಟ್ರಿಕ್ ಬೋಲ್ಟ್ ಇದೆ. ಎತ್ತರ ಮುಟ್ಟದವರಿಗೆ ಈ ಆರ್ಮ್ ಬೇಕಿಲ್ಲ. ನಾನು ತುದಿಯ ಕೀಲಿನಲ್ಲಿ ರಬ್ಬರ್ ಬುಷ್ ಇರುವುದನ್ನೇ ಆರಿಸಿದೆ, ಮುಂದಿನ ಗಲಾಟೆಯೇ ಸಾಕಾಗಿತ್ತು. ರಬ್ಬರ್ ಬುಷ್ ಆದರೆ ಬೋಲ್ಟಿನ ಕೊನೆಯ ಬಿಗಿತ ಕಾರು ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಲಿಫ್ಟ್ ಮೇಲೆ ಚಕ್ರ ಜೋತುಬಿದ್ದಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಲಾಕ್‌ನಟ್‌ಗಳ ಮೇಲೆ ಪೇಂಟ್ ಗೆರೆ ಎಳೆದಿದ್ದೇನೆ, ಈವರೆಗೆ ಒಂದೂ ಕದಲಿಲ್ಲ.

ಟೋ ಆರ್ಮ್ ಡಬ್ಬಿಯಲ್ಲೇ ಇದೆ. ಕಂಪನಿಯ ಎಕ್ಸೆಂಟ್ರಿಕ್ ಬೋಲ್ಟಿನಲ್ಲೇ ನನಗೆ ಬೇಕಾದ ಟೋ ಬಂತು. ತೀರಾ ತಗ್ಗಿಸಿ ಆ ಬೋಲ್ಟಿನ ಮಿತಿ ಮುಗಿದವರಿಗೆ, ಇಲ್ಲವೇ ಜೋರು ಹೊಡೆತಕ್ಕೆ ಅದು ಜಾರುತ್ತಿರುವವರಿಗೆ ಉಪಯೋಗವಾದೀತು.

ಪ್ಲೇಟಿಗೆ ಐದಕ್ಕೆ ನಾಲ್ಕು, ಆರ್ಮ್‌ಗೆ ಮೂರೂವರೆ. ಕೊಳ್ಳುವ ಮುಂಚೆ ಮಾರುವವರಿಗೆ ಎರಡು ಪ್ರಶ್ನೆ ಬರೆದು ಕಳಿಸಿ: ನನ್ನ ಸ್ಪ್ರಿಂಗ್ ಮತ್ತು ಡ್ಯಾಂಪರಿನ ಈ ಅಳತೆಗೆ ಕೂರುತ್ತದೆಯೇ, ಬೇರಿಂಗ್ ಬಿಡಿಯಾಗಿ ಸಿಗುತ್ತದೆಯೇ? ಎರಡಕ್ಕೂ ಅಳತೆ ಸಮೇತ ಉತ್ತರ ಬರದಿದ್ದರೆ ಬೇರೆ ಕಂಪನಿ ನೋಡಿ.