ಗೋಡೆ ಮೇಲಿನ ಬೆಳಕು ನೋಡಿ ಹೆಡ್‌ಲೈಟ್ ಬಲ್ಬ್ ಬದಲಾಯಿಸಬೇಡಿ

ರಾತ್ರಿ ರಸ್ತೆ ಸರಿಯಾಗಿ ಕಾಣೋದಿಲ್ಲ, ಎಲ್‌ಇಡಿ ಬಲ್ಬ್ ಹಾಕಿಸೋಣ ಅಂದುಕೊಂಡಿದ್ದೀರಾ? ಸ್ವಲ್ಪ ತಡೆಯಿರಿ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಇಟ್ಟುಕೊಂಡು ಬಂದ ಕಾರುಗಳ ಬಗ್ಗೆ ನನ್ನ ತಕರಾರಿಲ್ಲ. ತಂತಿ ಕಾದು ಬೆಳಗುವ ಹ್ಯಾಲೊಜೆನ್ ಬಲ್ಬ್ ಕಿತ್ತು, ಅದೇ ಹೋಲ್ಡರಿಗೆ ಎಲ್‌ಇಡಿ ಸಿಕ್ಕಿಸಿ ಕಳಿಸುವ ಅಂಗಡಿಗಳ ಬಗ್ಗೆ ಹೇಳುತ್ತಿದ್ದೇನೆ.

ನನ್ನದು ಸ್ವಲ್ಪ ಹಳೇ ಕಾರು. ಹೈ ಬೀಮ್, ಲೋ ಬೀಮ್ ಎರಡನ್ನೂ ಒಂದರಲ್ಲೇ ಕೊಡುವ ಎಚ್4 ಬಲ್ಬ್, ಅದರ ಹಿಂದೆ ಬೆಳಕನ್ನು ಮುಂದಕ್ಕೆ ಎಸೆಯುವ ಹೊಳೆಯುವ ಕನ್ನಡಿ, ಅಂದರೆ ಸಾದಾ ರಿಫ್ಲೆಕ್ಟರ್ ಹೆಡ್‌ಲೈಟ್. ಅಂಗಡಿಯಲ್ಲಿ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಒಂದು ಕಡೆ ಹಳೇ ಬಲ್ಬ್ ಹಾಗೇ ಇಟ್ಟು ಇನ್ನೊಂದು ಕಡೆ ಹೊಸದನ್ನು ಹಾಕಿ ತೋರಿಸಿದರು. ಒಂದು ಕಡೆ ಮಂಕು ಹಳದಿ, ಇನ್ನೊಂದು ಕಡೆ ಕಣ್ಣು ಕೋರೈಸುವ ಬಿಳಿ. ಅದನ್ನು ನೋಡಿದವರು ಯಾರಾದರೂ ಹಳದಿಯೇ ಸಾಕು ಅನ್ನುತ್ತಾರಾ? ಡಬ್ಬದ ಮೇಲೆ ಸಾವಿರಾರು ಲುಮೆನ್ ಅಂತ ದಪ್ಪ ಅಕ್ಷರದಲ್ಲಿ ಬೇರೆ ಬರೆದಿತ್ತು.

ಅಸಲಿ ಬಣ್ಣ ಗೊತ್ತಾಗಿದ್ದು ಬೀದಿದೀಪ ಇಲ್ಲದ ರಸ್ತೆಯಲ್ಲಿ. ಬಾನೆಟ್ ಮುಂದಿನ ಜಾಗ ಹಗಲಿನಷ್ಟು ಬೆಳ್ಳಗೆ. ಅದರಾಚೆ ಗಾಢ ಕತ್ತಲು. ಹತ್ತಿರದ ಬೆಳಕು ಜಾಸ್ತಿಯಾದರೆ ಕಣ್ಣು ಅದಕ್ಕೇ ಹೊಂದಿಕೊಳ್ಳುತ್ತದೆ, ದೂರದ್ದು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ನೋಡುವವನಿಗೆ ಮಾತ್ರ 'ಆಹಾ, ಎಂಥಾ ಬೆಳಕು' ಅನ್ನಿಸುತ್ತಿರುತ್ತದೆ. ಈ ಮೋಸ ಸುಲಭಕ್ಕೆ ಗೊತ್ತಾಗೋದಿಲ್ಲ.

ಗೊತ್ತು ಮಾಡಿಸಿದವರು ಎದುರಿನಿಂದ ಬಂದವರು. ನಾನು ಲೋ ಬೀಮ್‌ನಲ್ಲೇ, ಅಂದರೆ ಡಿಮ್‌ನಲ್ಲೇ ಇದ್ದೆ. ಆದರೂ ಒಬ್ಬರಾದ ಮೇಲೆ ಒಬ್ಬರು ಲೈಟ್ ಮಿಣುಕಿಸಿ 'ಡಿಮ್ ಮಾಡು' ಅನ್ನುತ್ತಿದ್ದರು. ಒಬ್ಬ ಲಾರಿಯವನು ಸಿಟ್ಟಿಗೆದ್ದು ಹೈ ಬೀಮ್ ಹಾಕಿದವನು ದಾಟಿಹೋಗುವವರೆಗೂ ಇಳಿಸಲೇ ಇಲ್ಲ. ಆ ಕೆಲವು ಕ್ಷಣ ರಸ್ತೆಯ ಅಂಚು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಗೆಳೆಯನೊಬ್ಬನ ಕೈಗೆ ನನ್ನ ಕಾರು ಕೊಟ್ಟು, ನಾನು ಎದುರಿನಿಂದ ಬಂದು ನೋಡಿದೆ. ಬೈದವರ ಮೇಲಿದ್ದ ಕೋಪವೆಲ್ಲ ಇಳಿಯಿತು.

ಮಳೆಯಲ್ಲಿ ಕಥೆ ಇನ್ನೂ ಕೆಟ್ಟದಾಯಿತು. ಒದ್ದೆ ಡಾಂಬರಿನ ಮೇಲೆ ಬಿದ್ದ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ, ನಮ್ಮ ಕಡೆ ತಿರುಗಿ ಬರುವುದು ಸ್ವಲ್ಪವೇ. ಮೇಲಕ್ಕೆ ಚೆಲ್ಲಿದ ಬೆಳಕು ಮಳೆಹನಿಗೆ ತಾಗಿ ನಮ್ಮ ಮುಖಕ್ಕೇ ವಾಪಸ್ ಬರುತ್ತದೆ. ಗುಂಡಿ ಯಾವುದು, ನೀರು ನಿಂತ ಜಾಗ ಯಾವುದು ಅಂತ ತಿಳಿಯದೆ ತೆವಳಿಕೊಂಡು ಬಂದೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಎಚ್4 ಬಲ್ಬ್ ಕೈಯಲ್ಲಿ ಹಿಡಿದು ನೋಡಿದರೆ ಒಳಗೆ ಎರಡು ತಂತಿ ಕಾಣುತ್ತವೆ. ಒಂದು ಹೈ ಬೀಮಿಗೆ, ಒಂದು ಲೋ ಬೀಮಿಗೆ. ಲೋ ಬೀಮಿನ ತಂತಿಯ ಕೆಳಗೆ ಸಣ್ಣ ಲೋಹದ ಬಟ್ಟಲು ಇರುತ್ತದೆ. ಆ ಬಟ್ಟಲು ಬೆಳಕನ್ನು ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದಂತೆ ತಡೆಯುತ್ತದೆ. ಹಾಗಾಗಿ ಬೆಳಕೆಲ್ಲ ಮೇಲ್ಭಾಗಕ್ಕೆ ಬಡಿದು ರಸ್ತೆಯ ಕಡೆ ಇಳಿಯುತ್ತದೆ. ಎದುರಿನವರ ಕಣ್ಣು ಉಳಿಯುವುದು ಆ ಪುಟ್ಟ ಬಟ್ಟಲಿನಿಂದ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಲೆಕ್ಕ ತಪ್ಪುತ್ತದೆ.

ಎಲ್‌ಇಡಿ ಬಲ್ಬಿನಲ್ಲಿ ತಂತಿ ಇಲ್ಲ. ಒಂದು ಚಪ್ಪಟೆ ಪಟ್ಟಿ, ಅದರ ಎರಡೂ ಬದಿಗೆ ಬೆಳಕು ಕೊಡುವ ಸಣ್ಣ ಚಿಪ್‌ಗಳು. ಪಟ್ಟಿಗೇ ದಪ್ಪ ಇರುತ್ತದಲ್ವಾ? ಅಲ್ಲಿಗೆ ಬೆಳಕಿನ ಮೂಲ ಎರಡಾಗಿ ಸೀಳಿತು. ನಾನು ಹಳೇ ಬಲ್ಬನ್ನೂ ಹೊಸದನ್ನೂ ಒಂದೇ ಜಾಗದಲ್ಲಿ ಕಾರು ನಿಲ್ಲಿಸಿ ಹೋಲಿಸಿದೆ. ಹಳೆಯದರಲ್ಲಿ ಬೆಳಕಿನ ಮೇಲಂಚು ಒಂದು ಗೆರೆಯಂತೆ ಕಾಣುತ್ತಿತ್ತು, ರಸ್ತೆ ಅಂಚಿನ ಕಡೆ ಮಾತ್ರ ಓರೆಯಾಗಿ ಮೇಲೇರಿತ್ತು. ಹೊಸದರಲ್ಲಿ ಗೆರೆಯೇ ಇಲ್ಲ. ಬೆಳಕು ಕದಡಿದಂತೆ ಹರಡಿ, ಗೆರೆ ಇರಬೇಕಾದ ಜಾಗದ ಮೇಲೆ ಎರಡು ಪ್ರಖರ ಚುಕ್ಕೆ. ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದುದು ಅವೇ. ರಿಫ್ಲೆಕ್ಟರಿಗೆ ಎಚ್‌ಐಡಿ (ಝೆನಾನ್ ದೀಪದ) ಕಿಟ್ ಹಾಕಿದರೂ ಇದೇ ಗೋಳು.

ಅಂಗಡಿಗೆ ವಾಪಸ್ ಹೋದೆ. 'ಅಡ್ಜಸ್ಟ್ ಮಾಡಿಕೊಡ್ತೀವಿ' ಅಂದು ಹಿಂದಿನ ಸ್ಕ್ರೂ ತಿರುಗಿಸಿ ಲೈಟನ್ನು ಕೆಳಗಿಳಿಸಿದರು. ಸಾಮಾನ್ಯವಾಗಿ ಲೋ ಬೀಮ್ 10 ಮೀಟರಿಗೆ 10 ಸೆಂಟಿಮೀಟರಿನಷ್ಟು ಇಳಿಜಾರಾಗಿರುತ್ತದೆ. ಇವರು ಅದಕ್ಕಿಂತ ಎಷ್ಟೋ ಕೆಳಕ್ಕೆ ತಂದಿದ್ದರು. ಎದುರಿನವರ ಬೈಗುಳ ಕಮ್ಮಿಯಾಯಿತು, ನನಗೆ ಕಾಣುವ ದೂರವೂ ಕಮ್ಮಿಯಾಯಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಬೆಳಕು ಅಷ್ಟು ಹತ್ತಿರಕ್ಕೇ ನಿಂತರೆ ಬ್ರೇಕ್ ಒತ್ತುವ ಮೊದಲೇ ಕಂಡದ್ದೆಲ್ಲ ಹಿಂದೆ ಹೋಗಿರುತ್ತದೆ.

ಮತ್ತೆ ಜಗಳ. ಆಗ ಅವರು ಸಮಾಧಾನಕ್ಕೆ ಅಂತ ಎಲ್‌ಇಡಿ ತೆಗೆದು 100/90 ವ್ಯಾಟಿನ (ಹೈ ಬೀಮಿಗೆ 100, ಲೋ ಬೀಮಿಗೆ 90) ಹ್ಯಾಲೊಜೆನ್ ಹಾಕಿದರು. 'ಇದು ಒರಿಜಿನಲ್ ಥರಾನೇ ಸಾರ್, ಬೆಳಕು ಮಾತ್ರ ಜಾಸ್ತಿ.' ಕಂಪನಿ ಕೊಟ್ಟಿದ್ದು 60/55. ವೈರ್, ಕನೆಕ್ಟರ್, ಸ್ವಿಚ್ ಎಲ್ಲ ಅದಕ್ಕೇ ಅಳತೆ ಮಾಡಿದ್ದು. 12 ವೋಲ್ಟಿನಲ್ಲಿ 60 ವ್ಯಾಟಿಗೆ 5 ಆಂಪಿಯರ್ ಹರಿದರೆ 100 ವ್ಯಾಟಿಗೆ 8ಕ್ಕೂ ಜಾಸ್ತಿ. ಅದೇ ವೈರಿನಲ್ಲಿ ಕರೆಂಟ್ ಏರಿದರೆ ಬಿಸಿ ಅದರ ವರ್ಗದಷ್ಟು ಏರುತ್ತದೆ. ಅಂದರೆ ಸುಮಾರು ಮೂರು ಪಟ್ಟು.

ಒಂದು ರಾತ್ರಿ ಕಾರಿನೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಒಂದು ಕಡೆಯ ದೀಪ ಹೋಯಿತು. ಬಾನೆಟ್ ಎತ್ತಿ ನೋಡಿದರೆ ಬಿಳಿ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಬಲ್ಬಿನ ಪಿನ್ನಿಗೆ ಅಂಟಿಕೊಂಡಿತ್ತು. ವೈರಿನ ಮೇಲಿನ ಹೊದಿಕೆ ಬಗ್ಗಿಸಿದರೆ ಪಟಪಟ ಒಡೆಯುತ್ತಿತ್ತು. ಅಂಗಡಿಯವರ ಉತ್ತರ: 'ನಿಮ್ಮ ಕಾರಿನ ವೈರಿಂಗೇ ವೀಕು.' ದುಡ್ಡೂ ವಾಪಸ್ ಇಲ್ಲ, ರಿಪೇರಿಯೂ ಇಲ್ಲ.

ಕೊನೆಗೆ ಕೈ ಹಿಡಿದವರು ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. ಅವರು ಬಲ್ಬಿನ ಮಾತೇ ಎತ್ತಲಿಲ್ಲ. ಮೊದಲು ಲೆನ್ಸ್ ಮೇಲೆ ಬೆರಳಾಡಿಸಿದರು. ಬಿಸಿಲಿಗೆ ಹಳದಿಗಟ್ಟಿ ಒರಟಾಗಿತ್ತು. ಆಮೇಲೆ ಎಂಜಿನ್ ಓಡಿಸಿ, ದೀಪ ಹಾಕಿ, ಮೀಟರ್ ಹಿಡಿದರು. ಬ್ಯಾಟರಿಯ ಹತ್ತಿರ 14 ವೋಲ್ಟ್. ಕನೆಕ್ಟರ್ ಸುಡದ ಇನ್ನೊಂದು ಕಡೆಗೆ ಹಳೇ 60/55 ಬಲ್ಬ್ ಹಾಕಿ ಅಳೆದರೆ ಅದಕ್ಕಿಂತ ಒಂದೂವರೆ ವೋಲ್ಟಿನಷ್ಟು ಕಮ್ಮಿ. ಅರ್ಥಿಂಗ್ ವೈರಿನ ಬುಡ ತುಕ್ಕು ಹಿಡಿದಿತ್ತು. ಹ್ಯಾಲೊಜೆನ್ ವೋಲ್ಟೇಜಿಗೆ ಬಹಳ ನಾಜೂಕು. ಹತ್ತು ಪರ್ಸೆಂಟ್ ವೋಲ್ಟೇಜ್ ಇಳಿದರೆ ಬೆಳಕು ಮೂವತ್ತು ಪರ್ಸೆಂಟಿನಷ್ಟು ಇಳಿಯುತ್ತದೆ. ನನ್ನ ಕಾರಿನ ಅಸಲಿ ಕಾಯಿಲೆ ಇದು. ಮಾರಲು ಕೂತವರಿಗೆ ಇದನ್ನು ನೋಡುವ ಪುರುಸೊತ್ತು ಎಲ್ಲಿರುತ್ತದೆ?

ಲೆನ್ಸನ್ನು ನೀರು ಹಾಕಿ ಮರಳುಕಾಗದದಲ್ಲಿ ತಿಕ್ಕಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪ ಹಾಕಿದರು. ಆ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮಂಜಾಗುತ್ತದೆ, ಅದನ್ನು ಕೇಳಿ ಮಾಡಿಸಿ. ತುಕ್ಕು ಉಜ್ಜಿ, ಸುಟ್ಟ ಕನೆಕ್ಟರ್ ಬದಲಾಯಿಸಿ, ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ಕರೆಂಟ್ ಕೊಡುವ ದಪ್ಪ ವೈರಿನ ರಿಲೇ ಸೆಟ್ ಕೂರಿಸಿದರು. ಹೆಸರಾಂತ ಕಂಪನಿಯ ಸಾದಾ 60/55 ಬಲ್ಬ್ ಹಾಕಿ, ಟೈರ್ ಗಾಳಿ ನೋಡಿಯೇ ಲೈಟಿನ ಎತ್ತರ ಕೂರಿಸಿದರು. ಬೆಳಕು ಹಳದಿಯೇ. ಆದರೆ ಈಗ ದೂರದಲ್ಲಿ ರಸ್ತೆ ತಿರುಗುವುದು ಕಾಣುತ್ತದೆ, ಅಂಚಿನಲ್ಲಿ ನಡೆಯುವವರೂ ಕಾಣುತ್ತಾರೆ. ಯಾರೂ ಲೈಟ್ ಮಿಣುಕಿಸುವುದಿಲ್ಲ.

ನಿಮ್ಮದೂ ರಾತ್ರಿ ಮಂಕಾಗಿದ್ದರೆ ಇದೇ ದಾರಿ ಹಿಡಿಯಿರಿ. ಕಾರಿನ ಮುಂದಿನ ಗಾಜಿನ ಒಳಗೂ ಹೊರಗೂ ಇರುವ ಜಿಡ್ಡು ಒರೆಸಿ, ಅದಕ್ಕೆ ಖರ್ಚೇ ಇಲ್ಲ. ಸ್ಟೀರಿಂಗ್ ಹತ್ತಿರ 0ಯಿಂದ 3ರವರೆಗೆ ತಿರುಗುವ ಸಣ್ಣ ಗುಂಡಿ ಇದ್ದರೆ ಅದು ಎಲ್ಲಿದೆ ನೋಡಿ. 3ರಲ್ಲಿದ್ದರೆ ಲೈಟ್ ನೆಲ ನೋಡುತ್ತಿರುತ್ತದೆ. ಹಿಂದೆ ಸಾಮಾನು ತುಂಬಿದಾಗ ಬಳಸಲಿಕ್ಕೆ ಕೊಟ್ಟ ಗುಂಡಿ ಅದು, ಎಷ್ಟೋ ಜನ ಮುಟ್ಟಿಯೇ ಇರುವುದಿಲ್ಲ. ಕಣ್ಣಿನ ಪರೀಕ್ಷೆಯೂ ಒಮ್ಮೆ ಆಗಲಿ.

'ಎಲ್ಲ ಕಾರಿಗೂ ಆಗುತ್ತೆ' ಅನ್ನುವ ಬಲ್ಬನ್ನು ಮುಟ್ಟಬೇಡಿ. ಡಬ್ಬದ ಮೂಲೆಯಲ್ಲಿ 'ಆಫ್‌ರೋಡ್ ಬಳಕೆಗೆ ಮಾತ್ರ' ಅಂತ ಸಣ್ಣಕ್ಷರ ಇದ್ದರೆ ರಸ್ತೆಗೆ ಅದು ಒಪ್ಪಿತವಲ್ಲ ಅಂತಲೇ ಅರ್ಥ. ಎಲ್ಲ ಎಲ್‌ಇಡಿ ಬಲ್ಬೂ ಕೆಟ್ಟದ್ದು ಅನ್ನುತ್ತಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವಕ್ಕೆ ಒಪ್ಪಿಗೆ ಸಿಕ್ಕಿದೆ. ಅಲ್ಲೂ ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಕಾರಿನ ಮಾದರಿಗಳಿಗೆ ಮಾತ್ರ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಸುಮ್ನೆ ದಂಡ. ಆ ಬಣ್ಣವೇ ಒಂದಷ್ಟು ಬೆಳಕನ್ನು ತಿನ್ನುತ್ತದೆ.

ಇನ್ನೊಂದು ವಿಷಯ. ಏನೇ ಹಾಕಿಸಿದರೂ ಹೆಡ್‌ಲೈಟ್ ಹಿಂದಿನ ರಬ್ಬರ್ ಕವರ್ ಕೊಯ್ಯಲು ಬಿಡಬೇಡಿ. ಎಲ್‌ಇಡಿಯ ಫ್ಯಾನ್ ಹೊರಗೆ ಬರಲಿ ಅಂತ ನನ್ನದಕ್ಕೆ ಬ್ಲೇಡಿನಲ್ಲಿ ತೂತು ಕೊರೆದಿದ್ದರು. ಅಲ್ಲಿಂದ ನೀರು, ಧೂಳು ನುಗ್ಗಿ ಒಂದು ಕಡೆಯ ರಿಫ್ಲೆಕ್ಟರಿನ ಹೊಳಪು ಹೋಗಿದೆ. ಅದನ್ನು ಪಾಲಿಶ್ ಮಾಡಲು ಬರುವುದಿಲ್ಲ, ಇಡೀ ಹೆಡ್‌ಲೈಟೇ ಬದಲಾಗಬೇಕು.