ಹಾರ್ಟ್ ಪ್ಯಾಕೇಜ್: ಸ್ಟೆಂಟ್ ಹಾಕಿಸಿಕೊಂಡವರಿಗೆ ಎಷ್ಟು ಉಪಯೋಗ?

ಬಳ್ಳಾರಿಯ ಲ್ಯಾಬುಗಳ ಮುಂದೆ ‘ಹಾರ್ಟ್ ಪ್ಯಾಕೇಜ್, ಅರವತ್ತು ಟೆಸ್ಟ್’ ಎಂಬ ಬೋರ್ಡು ಈಗ ಮಾಮೂಲಿ. ಆ ಲೆಕ್ಕಕ್ಕೆ ಮರುಳಾಗಬೇಡಿ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಎಂಬ ಒಂದೇ ಪರೀಕ್ಷೆಯನ್ನು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಐದು ಬಗೆಯ ಬಿಳಿ ರಕ್ತಕಣ ಅಂತ ಬಿಡಿಸಿ ಬರೆದರೆ ಸಂಖ್ಯೆ ತಾನಾಗಿಯೇ ಏರುತ್ತದೆ.

ಈ ವಿಮರ್ಶೆ ಎಲ್ಲರಿಗೂ ಅಲ್ಲ. ಹಿಂದೆ ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟೋ ಬೈಪಾಸೋ ಆಗಿ, ಈಗ ಎದೆನೋವಿಲ್ಲದೆ ಗುಳಿಗೆಯ ಮೇಲೆ ಆರಾಮಾಗಿ ಇರುವವರಿಗೆ. ಇಂಥವರು ಮತ್ತೊಂದು ಬ್ಲಾಕ್‌ಗೆ ಹೆದರುತ್ತಾರೆ. ಆದರೆ ಅಟ್ಯಾಕಿನಲ್ಲಿ ಸತ್ತ ಸ್ನಾಯು ಗಾಯದ ಕಲೆಯಾಗಿ ಉಳಿದು, ಮಿಕ್ಕ ಭಾಗ ಹೆಚ್ಚು ದುಡಿದು ಹಿಗ್ಗುತ್ತಾ ಹೋಗುತ್ತದೆ. ಹೀಗೆ ಹೃದಯ ಮೈಗೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಹಾರ್ಟ್ ಫೇಲ್ಯೂರ್ ಸದ್ದಿಲ್ಲದೆ ಬರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ, ಲಯ ತಪ್ಪಿದ ಬಡಿತ, ಬೊಜ್ಜು, ರಕ್ತಹೀನತೆ ಇದ್ದಷ್ಟೂ ಅಪಾಯ ಹೆಚ್ಚು.

ಪ್ಯಾಕೇಜಿನ ರಕ್ತಪರೀಕ್ಷೆಗಳು ತಕ್ಕಮಟ್ಟಿಗೆ ಚೆನ್ನಾಗಿವೆ: ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಹಿಮೋಗ್ಲೋಬಿನ್ ಎಲ್ಲ ಬೇಕಾದವೇ. ಎಡವುವುದು ಕೊಲೆಸ್ಟರಾಲ್ ವರದಿಯಲ್ಲಿ. ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ 92 ಬಂದರೆ ಪಕ್ಕದಲ್ಲಿ ‘100ರೊಳಗೆ ಸಾಧಾರಣ’ ಅಂತ ಅಚ್ಚಾಗಿರುತ್ತದೆ, ಕೆಂಪು ಗುರುತು ಇರುವುದಿಲ್ಲ. ಆ ಅಳತೆ ಹೃದಯ ಗಟ್ಟಿ ಇರುವವರಿಗೆ. ಯುರೋಪಿನ ಮಾರ್ಗಸೂಚಿಯಂತೆ ಸ್ಟೆಂಟ್ ಇರುವವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು.

ಇಸಿಜಿಯು ಹಳೆಯ ಗಾಯದ ಕಲೆ, ಬಡಿತದ ಲಯ ತೋರಿಸುತ್ತದೆ. ಪಂಪಿನ ಬಲ ಎಷ್ಟು ಅಂತ ಅಳೆಯುವುದಿಲ್ಲ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ದುಬಾರಿ ಪ್ಯಾಕೇಜಿನ ಆಕರ್ಷಣೆ. ಆದರೆ ಹೊಸ ಲಕ್ಷಣ ಏನೂ ಇಲ್ಲದವರು ವರ್ಷಾ ವರ್ಷಾ ಅದರ ಮೇಲೆ ಓಡುವ ಅಗತ್ಯವಿಲ್ಲ.

ನಿಜವಾಗಿ ಬೇಕಾದದ್ದು ಎನ್‌ಟಿ-ಪ್ರೋಬಿಎನ್‌ಪಿ ಎಂಬ ರಕ್ತಪರೀಕ್ಷೆ, ಆದರೆ ಪ್ಯಾಕೇಜಿನ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಹೃದಯದ ಗೋಡೆ ಹಿಗ್ಗಿದಾಗ ರಕ್ತಕ್ಕೆ ಇಳಿಯುವ ವಸ್ತು ಇದು. ಮಿಲಿಲೀಟರ್ ರಕ್ತಕ್ಕೆ 125 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಫೇಲ್ಯೂರ್ ಸಂಭವ ಕಡಿಮೆ. ದಾಟಿದರೆ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಬೇಕು. ದಪ್ಪ ಮೈಯವರಲ್ಲಿ ಇದು ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ಕುಗ್ಗಿದವರಲ್ಲಿ ಹೆಚ್ಚು.

ಎಕೋದಲ್ಲೂ ಅವಸರ ಕಾಣುತ್ತದೆ. ಇಎಫ್ ಅಂದರೆ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೃದಯ ಹೊರದೂಡುತ್ತದೆ ಎಂಬ ಲೆಕ್ಕ. ಐದೇ ನಿಮಿಷದಲ್ಲಿ ಕಣ್ಣಂದಾಜಿಗೆ ‘ಇಎಫ್ 60’ ಅಂತ ಬರೆದರೆ ಪ್ರಯೋಜನ ಕಡಿಮೆ. ಕೋಣೆಯ ಅಂಚು ಗುರುತಿಸಿ ಲೆಕ್ಕ ಹಾಕುವ ಸಿಂಪ್ಸನ್ ವಿಧಾನದಲ್ಲಿ ಅಳೆದಿದ್ದಾರಾ, ಎಡ ಮೇಲ್ಕೋಣೆಯ ಗಾತ್ರ ಬರೆದಿದ್ದಾರಾ ಕೇಳಿ. ಇಎಫ್ 50ರ ಮೇಲಿದ್ದೂ ಸ್ನಾಯು ಬಿಗಿಯಾಗಿ ಫೇಲ್ಯೂರ್ ಆಗುವುದುಂಟು. ಹಳೆಯ ವರದಿ ಜೊತೆಗಿರಲಿ. ಇಬ್ಬರು ಬೇರೆ ಬೇರೆ ವೈದ್ಯರು ನೋಡಿದಾಗ ಐದು ಅಂಕದ ವ್ಯತ್ಯಾಸಕ್ಕೆ ಗಾಬರಿ ಬೇಡ.

ಪ್ಯಾಕೇಜಿನ ಜೊತೆ ಪುಕ್ಕಟೆ ಕೊಡುವ ಆಹಾರದ ಚೀಟಿ ತೀರಾ ಬಡ. ತುಪ್ಪ, ಮೊಟ್ಟೆ ಬಿಡಿ ಅನ್ನುತ್ತದೆ. ಉಪ್ಪಿನ ಮಾತೇ ಇಲ್ಲ. ದಿನಕ್ಕೆ 5 ಗ್ರಾಂ ಅಂದರೆ ಒಂದು ಚಹಾ ಚಮಚ ಮಾತ್ರ. ಬೆಳಗಿನ ಒಗ್ಗರಣೆ-ಮಿರ್ಚಿ, ಮಧ್ಯಾಹ್ನ ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ ಸೇರಿದರೆ ಅದು ರಾತ್ರಿ ಊಟಕ್ಕೆ ಮುಂಚೆಯೇ ಮುಗಿದಿರುತ್ತದೆ. ‘ಲೋ ಸೋಡಿಯಂ’ ಉಪ್ಪಿಗೆ ಹಾರಬೇಡಿ, ಅದರಲ್ಲಿ ಪೊಟ್ಯಾಶಿಯಂ ಇದೆ. ರಕ್ತದ ಪೊಟ್ಯಾಶಿಯಂ ಏರಿಸಬಲ್ಲ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ತಿನ್ನುವವರಿಗೆ ಅದು ಅಪಾಯ. ಮೊಣಕಾಲು ನೋವಿಗೆ ಡೈಕ್ಲೊಫೆನಾಕ್, ಸಕ್ಕರೆಗೆ ಪಿಯೋಗ್ಲಿಟಝೋನ್ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಎರಡೂ ಮೈಯಲ್ಲಿ ನೀರು ಕಟ್ಟಿಸುತ್ತವೆ. ಅದೇ ಸಕ್ಕರೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹಾರ್ಟ್ ಫೇಲ್ಯೂರ್‌ನಿಂದ ದವಾಖಾನೆ ಸೇರುವುದನ್ನು ಕಡಿಮೆ ಮಾಡುತ್ತವೆ. ಬದಲಾಯಿಸಬಹುದೇ ಅಂತ ಕೇಳಿ.

ನಮ್ಮ ಅಭಿಪ್ರಾಯ: ದುಬಾರಿ ಪ್ಯಾಕೇಜ್ ಬಿಟ್ಟು ಬೇಕಾದ ರಕ್ತಪರೀಕ್ಷೆಗಳನ್ನು ಬಿಡಿಬಿಡಿಯಾಗಿ ಮಾಡಿಸಿ, ಅದಕ್ಕೆ ಎನ್‌ಟಿ-ಪ್ರೋಬಿಎನ್‌ಪಿ, ಸೋಡಿಯಂ, ಪೊಟ್ಯಾಶಿಯಂ ಸೇರಿಸಿ. ಉಳಿದ ದುಡ್ಡಿಗೆ ಒಂದು ಡಿಜಿಟಲ್ ತೂಕದ ಯಂತ್ರ ಬರುತ್ತದೆ. ಬೆಳಿಗ್ಗೆ ಮೂತ್ರ ಮಾಡಿ, ನಾಷ್ಟಾಕ್ಕೆ ಮುಂಚೆ ತೂಕ ನೋಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ, ಕಾಲು ಬಾತರೆ, ಮಲಗಿದಾಗ ದಮ್ಮು ಹತ್ತಿದರೆ ಡಾಕ್ಟರನ್ನು ಕಾಣಿ. ಬೇಸಿಗೆಯಲ್ಲಿ ನೀರಿಳಿಸುವ ಗುಳಿಗೆ ತಿನ್ನುವವರಿಗೆ ತೂಕ ಇಳಿದು ತಲೆ ತಿರುಗಿದರೂ ಅಷ್ಟೇ. ಗುಳಿಗೆ ತಾವೇ ನಿಲ್ಲಿಸಬಾರದು.

ಮನೆಗೆ ಬಂದು ರಕ್ತ ತೆಗೆಯುವ ಸೌಲಭ್ಯ ಅನುಕೂಲವೇ. ಆದರೆ ಟ್ಯೂಬು ಬಹಳ ಹೊತ್ತು ಚೀಲದಲ್ಲೇ ಉಳಿದರೆ ಪೊಟ್ಯಾಶಿಯಂ ಸುಳ್ಳೇ ಹೆಚ್ಚು ತೋರಬಹುದು. ಆ ಒಂದು ಪರೀಕ್ಷೆಗೆ ಲ್ಯಾಬಿಗೇ ಹೋಗಿ ಕೊಡುವುದು ವಾಸಿ.